ಹುಡುಗರ ಫುಟ್‌ಬಾಲ್‌ನಲ್ಲಿ ವಯಸ್ಸಿನ ಮೋಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಟ್ರಯಲ್ಸ್ ಹತ್ತಿರ ಬಂದರೆ ಸಾಕು, ಆಟದ ಬಗ್ಗೆ ಕೇಳುವವರಿಗಿಂತ ಹುಟ್ಟಿದ ತಾರೀಖಿನ ಬಗ್ಗೆ ಕೇಳುವವರೇ ಜಾಸ್ತಿ. ಮೈದಾನದ ಕಟ್ಟೆ ಮೇಲೆ ಕೂತ ಅಪ್ಪಂದಿರು, ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಿಂದ ಮೆಸೇಜ್ ಹಾಕುವವರು, ಒಮ್ಮೊಮ್ಮೆ ಹುಡುಗರೇ ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಸಾರ್, ವಯಸ್ಸಿನ ಮೋಸ ಅಂದ್ರೆ ಏನು? ನಾಲ್ಕು ದಿನ ಹೆಚ್ಚು ಕಮ್ಮಿ ಆದ್ರೂ ಮೋಸನಾ?

ವಯಸ್ಸಿನ ಮಿತಿ ಇರುವ ಪಂದ್ಯದಲ್ಲಿ ಮಿತಿ ದಾಟಿದವನನ್ನು ಗೊತ್ತಿದ್ದೂ ಆಡಿಸುವುದು ಮೋಸ. ಕೆಲವರು ಜನನ ಪತ್ರ ತಿದ್ದಿಸುತ್ತಾರೆ, ಕೆಲವರು ಹೊಸದನ್ನೇ ಮಾಡಿಸುತ್ತಾರೆ, ಇನ್ನು ಕೆಲವರು ತಮ್ಮನ ಟಿಸಿ ಕೊಟ್ಟು ಅಣ್ಣನನ್ನು ಇಳಿಸುತ್ತಾರೆ.

ಫಿಫಾ ಪಂದ್ಯಗಳಲ್ಲಿ ಗಡಿ ಜನವರಿ 1. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತಲ್ಲ, ಕೊಚ್ಚಿ, ಗೋವಾ, ಕೋಲ್ಕತ್ತದಲ್ಲೆಲ್ಲ, ಅದಕ್ಕೆ 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಮಾತ್ರ ಬರಬಹುದಿತ್ತು. ಹಿಂದಿನ ದಿನ, ಡಿಸೆಂಬರ್ 31ಕ್ಕೆ ಹುಟ್ಟಿದವನಿಗೆ ಜಾಗ ಇರಲಿಲ್ಲ. ಒಂದೇ ದಿನ ಅಂತ ಬಿಡುವುದಿಲ್ಲ. ಆದರೆ ಬೇಕಂತಲೇ ತಿದ್ದಿದ್ದು ಬೇರೆ, ಗೊತ್ತಿಲ್ಲದೆ ತಪ್ಪು ಬರೆಸಿದ್ದು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಎರಡು ವರ್ಷ ದೊಡ್ಡವನಾದ್ರೆ ಏನಾಯ್ತು, ಆಟ ಬರಬೇಕಲ್ವಾ?

ಮೂವತ್ತರವನಿಗೂ ಮೂವತ್ತೆರಡರವನಿಗೂ ವ್ಯತ್ಯಾಸ ಇಲ್ಲ. ಹದಿನಾಲ್ಕಕ್ಕೂ ಹದಿನಾರಕ್ಕೂ ಇದೆ. ಆ ಎರಡು ವರ್ಷದಲ್ಲೇ ಹುಡುಗರು ಗೇಣುದ್ದ ಬೆಳೆಯುತ್ತಾರೆ, ಭುಜ ಅಗಲ ಆಗುತ್ತೆ, ತೊಡೆಗೆ ಬಲ ಬರುತ್ತೆ.

ಒಂದು ಕಾರ್ನರ್ ಕಿಕ್ ಬರುವಾಗ ಹತ್ತಿರ ನಿಂತು ನೋಡಿ. ಚೆಂಡು ಗಾಳಿಯಲ್ಲಿದೆ, ಇಬ್ಬರೂ ಹಾರುತ್ತಾರೆ. ಸಣ್ಣವನ ಹಣೆ ದೊಡ್ಡವನ ಮೊಣಕೈ ಮಟ್ಟಕ್ಕೆ ಬರುತ್ತೆ. ದೊಡ್ಡವನು ಫೌಲ್ ಮಾಡಬೇಕು ಅಂತ ಮಾಡಿರುವುದಿಲ್ಲ, ಆದರೂ ಸಣ್ಣವನ ಹುಬ್ಬು ಒಡೆಯುತ್ತೆ. ಎರಡು ಸಲ ಹೀಗಾದರೆ ಮೂರನೇ ಸಲ ಅವನು ಹಾರುವುದೇ ಇಲ್ಲ. ಆ ಹೆದರಿಕೆ ಬಿಡಿಸೋಕೆ ನನಗೆ ಒಂದೊಂದು ಸಲ ಇಡೀ ಸೀಸನ್ ಹಿಡಿದಿದೆ.

ದೊಡ್ಡವನಿಗೂ ಲಾಭ ಇಲ್ಲ. ಮೈಬಲದಿಂದಲೇ ಗೆಲ್ಲುವಾಗ ಅವನು ಚೆಂಡು ಹಿಡಿಯುವುದು, ಪಾಸ್ ನೋಡುವುದು, ಇವನ್ನೆಲ್ಲ ಕಲಿಯುವುದೇ ಇಲ್ಲ. ಸರಿಸಮಾನರ ಜತೆ ಆಡುವ ದಿನ ಬಂದಾಗ ಅವನ ಹತ್ತಿರ ಏನೂ ಇರುವುದಿಲ್ಲ.

## ಕಾಗದದ ಗೋಳು

ನಮ್ಮ ಹುಡುಗಂದು ಸಾಲಿಯಾಗ ಜೂನ್ 1 ಅಂತ ಬರೆದಾರ್ರಿ. ಖರೇ ತಾರೀಖು ಅದಲ್ಲ. ನಾವೂ ಮೋಸ ಮಾಡಿದಂಗಾ?

ಅಲ್ಲ. ಮೊದಲು ಆ ಭಯ ಬಿಡಿ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಅಂತ ಯಾವ ಶಾಲೆಯ ದಾಖಲಾತಿ ಪುಸ್ತಕ ತೆಗೆದರೂ ಗೊತ್ತಾಗುತ್ತೆ. ಒಮ್ಮೆ ನಮ್ಮ ಟೀಮಿನ ಹುಡುಗರ ಕಾಗದ ಜೋಡಿಸುತ್ತಾ ಕೂತಿದ್ದೆ, ಅರ್ಧಕ್ಕಿಂತ ಜಾಸ್ತಿ ಹುಡುಗರು ಜೂನ್ 1ರವರೇ. ಶಾಲೆ ಶುರುವಾಗುವ ದಿನ ಅದು. ಅಪ್ಪ ಅಮ್ಮ ತಾರೀಖು ಹೇಳಲಿಲ್ಲ ಅಂದರೆ ಒಂದನೇ ಕ್ಲಾಸಿಗೆ ವಯಸ್ಸು ಸರಿಹೋಗುವ ಹಾಗೆ ಮಾಸ್ತರು ಅದನ್ನೇ ಬರೆದುಬಿಡುತ್ತಿದ್ದರು. ಕೆಟ್ಟ ಉದ್ದೇಶ ಇರಲಿಲ್ಲ, ಮಗು ಶಾಲೆಗೆ ಬಂದರೆ ಸಾಕಿತ್ತು.

ಇದರಲ್ಲಿ ಯಾರೂ ಗಮನಿಸದ ಒಂದು ವಿಷಯ ಇದೆ. ಆ ತಪ್ಪು ತಾರೀಖಿನಿಂದ ಎಷ್ಟೋ ಸಲ ಹುಡುಗನಿಗೇ ನಷ್ಟ. ಸಿರುಗುಪ್ಪ ಕಡೆಯ ಒಬ್ಬ ತಾಯಿ ನನಗೆ ಹೇಳಿದ್ದು: "2009ರಾಗ ದೊಡ್ಡ ನೆರೆ ಬಂತಲ್ರಿ, ಆವಾಗ ನನಗ ಆರು ತಿಂಗಳು ತುಂಬಿತ್ತು." ನೆರೆ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಬೆರಳು ಮಡಚಿ ಎಣಿಸಿದೆ. ಹುಡುಗ ಹುಟ್ಟಿದ್ದು 2010ರ ಜನವರಿ ಹೊತ್ತಿಗೆ. ಶಾಲೆಯಲ್ಲಿ ಬರೆದದ್ದು 2009ರ ಜೂನ್ 1. ಅಂದರೆ ಕಾಗದದ ಮೇಲೆ ಅವನು ಏಳು ತಿಂಗಳು ದೊಡ್ಡವನು. 2010ರ ಜನವರಿ 1ರ ಗಡಿ ಇಟ್ಟ ಟೀಮಿಗೆ ನಿಜವಾಗಿ ಅವನು ಸೇರಬೇಕು, ಕಾಗದ ಅವನನ್ನು ಹೊರಗಿಡುತ್ತೆ.

ಹಾಗಂತ ನೀವೇ ಮನಸ್ಸಿಗೆ ಬಂದ ತಾರೀಖು ಹಾಕಿಸಬೇಡಿ. ಆಧಾರ ಹುಡುಕಿ: ತಾಯಿ ಕಾರ್ಡ್, ಲಸಿಕೆ ಕಾರ್ಡ್, ಅಂಗನವಾಡಿ ಪುಸ್ತಕ, ಹೆರಿಗೆಯಾದ ಆಸ್ಪತ್ರೆಯ ಚೀಟಿ. ಸಿಕ್ಕಿದರೆ ಎಸ್ಸೆಸ್ಸೆಲ್ಸಿಗೆ ಮುಂಚೆಯೇ ಸರಿ ಮಾಡಿಸಿ. ಅಂಕಪಟ್ಟಿಯಲ್ಲಿ ಒಮ್ಮೆ ತಾರೀಖು ಕೂತರೆ ಅದನ್ನು ಅಲ್ಲಾಡಿಸುವುದು ದೊಡ್ಡ ಅಲೆದಾಟ.

ಆಧಾರ್ ಕಾರ್ಡ್ ಇದೆಯಲ್ಲ, ಅದು ಸಾಲಲ್ವಾ?

ಸಾಲಲ್ಲ. ಆಧಾರ್ ನೀವು ಯಾರು ಅಂತ ಹೇಳುತ್ತೆ, ಯಾವಾಗ ಹುಟ್ಟಿದಿರಿ ಅನ್ನೋದಕ್ಕೆ ಅದು ಪುರಾವೆ ಅಲ್ಲ. ಎಷ್ಟೋ ಜನರ ಕಾರ್ಡಿನಲ್ಲಿ ಅವರು ಬಾಯಿಮಾತಲ್ಲಿ ಹೇಳಿದ ತಾರೀಖೇ ಇದೆ. ಸುಪ್ರೀಂ ಕೋರ್ಟ್ ಕೂಡ 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ವಯಸ್ಸಿಗೆ ಆಧಾರ್ ಬದಲು ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ಒಪ್ಪಿತು. ಜನನ ಪತ್ರ ಮಾಡಿಸಿ ಇಟ್ಟುಕೊಳ್ಳಿ.

ಹೆರಿಗೆ ಮನೆಯಲ್ಲೇ ಆಯ್ತು, ಜನನ ಪತ್ರ ಮಾಡಿಸಲೇ ಇಲ್ಲ. ಈಗ ಆಗುತ್ತಾ?

ಆಗುತ್ತೆ. ಹುಟ್ಟಿದ 21 ದಿನದೊಳಗೆ ಬರೆಸಿದರೆ ಸುಲಭ, ದುಡ್ಡಿಲ್ಲ. 30 ದಿನದವರೆಗೆ ತಡವಾದದ್ದಕ್ಕೆ ಶುಲ್ಕ ಕಟ್ಟಿದರೆ ಮುಗಿಯಿತು. ಆಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕೇ ಬೇಕು. ಅದಕ್ಕೂ ಮುಂಚೆ ಈ ಹೆಸರಲ್ಲಿ ಜನನ ನೋಂದಣಿ ಆಗಿಲ್ಲ ಅನ್ನೋ ಪತ್ರ ತೆಗೆದುಕೊಳ್ಳಬೇಕು.

ಒಂದು ಮಾತು ನೆನಪಿಡಿ. ಹದಿಮೂರು ವರ್ಷಕ್ಕೆ, ಅದೂ ಟ್ರಯಲ್ಸ್‌ಗೆ ಹದಿನೈದು ದಿನ ಮುಂಚೆ ಮಾಡಿಸಿದ ಜನನ ಪತ್ರ ಕಂಡರೆ ಆಯ್ಕೆ ಮಾಡುವವರಿಗೆ ಅನುಮಾನ ಬರುತ್ತೆ. ನೋಂದಣಿ ಆದ ತಾರೀಖು ಪತ್ರದಲ್ಲೇ ಅಚ್ಚಾಗಿರುತ್ತೆ. ಮಗ ಇನ್ನೂ ಸಣ್ಣವನಿರುವಾಗಲೇ ಮಾಡಿಸಿ.

## ಹೊರದೇಶಗಳಲ್ಲಿ ಆಗಿದ್ದು

ದೊಡ್ಡ ದೇಶಗಳು ಯಾವತ್ತಾದ್ರೂ ಸಿಕ್ಕಿಬಿದ್ದಾವಾ?

ಮೆಕ್ಸಿಕೊ. ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 20 ವರ್ಷದೊಳಗಿನವರ 1989ರ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತಾ ಪಂದ್ಯಗಳು ನಡೆದಾಗ ಮೆಕ್ಸಿಕೊ ಕನಿಷ್ಠ ನಾಲ್ಕು ಜನ ವಯಸ್ಸು ಮೀರಿದವರನ್ನು ಆಡಿಸಿತು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಅವರದೇ ಫುಟ್‌ಬಾಲ್ ಸಂಸ್ಥೆ ಅಚ್ಚು ಹಾಕಿಸಿದ್ದ ವಾರ್ಷಿಕ ಪುಸ್ತಕದಲ್ಲಿ ಅವರ ನಿಜ ವಯಸ್ಸು ಇತ್ತು. ಒಬ್ಬ ಪತ್ರಕರ್ತ ಅದನ್ನು ನೋಡಿ ಬರೆದ.

ಫಿಫಾ ಕಿರಿಯರನ್ನಷ್ಟೇ ನಿಲ್ಲಿಸಲಿಲ್ಲ. ಮೆಕ್ಸಿಕೊದ ಎಲ್ಲ ತಂಡಗಳನ್ನೂ ಎರಡು ವರ್ಷ ಅಂತರರಾಷ್ಟ್ರೀಯ ಪಂದ್ಯಗಳಿಂದ ಹೊರಗಿಟ್ಟಿತು. 1988ರ ಒಲಿಂಪಿಕ್ಸ್ ಹೋಯಿತು, 1990ರ ವಿಶ್ವಕಪ್ಪೂ ಹೋಯಿತು. ಆಗ ಹ್ಯೂಗೊ ಸ್ಯಾಂಚೆಜ್ ಅನ್ನೋ ಮೆಕ್ಸಿಕೊ ಆಟಗಾರ ರಿಯಲ್ ಮ್ಯಾಡ್ರಿಡ್‌ನಲ್ಲಿದ್ದ. 1989–90ರ ಸ್ಪೇನ್ ಲೀಗ್‌ನಲ್ಲಿ 38 ಗೋಲು ಹೊಡೆದ. ಜೀವನದ ಅತ್ಯುತ್ತಮ ಫಾರ್ಮ್. ಅದೇ ಬೇಸಿಗೆಯಲ್ಲಿ ವಿಶ್ವಕಪ್ ಇಟಲಿಯಲ್ಲಿ ನಡೆಯುವಾಗ ಅವನು ಆಡುವ ಹಾಗಿರಲಿಲ್ಲ, ಅವನದೇನೂ ತಪ್ಪಿಲ್ಲದೆ. ಈ ಕಥೆ ಹೇಳಿದಾಗೆಲ್ಲ ನಮ್ಮ ಹುಡುಗರು ಸುಮ್ಮನಾಗಿಬಿಡುತ್ತಾರೆ.

ಆಫ್ರಿಕಾದವರೆಲ್ಲ ವಯಸ್ಸು ಮುಚ್ಚಿಟ್ಟೇ ಗೆಲ್ಲೋದು ಅಂತಾರೆ, ಹೌದಾ?

ಈ ಮಾತು ಕೇಳಿದರೆ ನನಗೆ ಬೇಜಾರಾಗುತ್ತೆ. ಅಲ್ಲಿ ಮೋಸ ಆಗಿದೆ, ನಿಜ. 1988ರ ಒಲಿಂಪಿಕ್ಸ್‌ನಲ್ಲಿ ನೈಜೀರಿಯಾದ ಮೂವರು ಆಟಗಾರರ ಹುಟ್ಟಿದ ತಾರೀಖು ಹಿಂದಿನ ಪಂದ್ಯಗಳಲ್ಲಿ ಕೊಟ್ಟಿದ್ದಕ್ಕೆ ಹೊಂದಲಿಲ್ಲ ಅಂತ ಫಿಫಾ ಆ ದೇಶವನ್ನು ಎರಡು ವರ್ಷ ಕಿರಿಯರ ಪಂದ್ಯಗಳಿಂದ ಹೊರಗಿಟ್ಟಿತು. 1991ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ನಡೆಸುವ ಅವಕಾಶವೂ ಕೈತಪ್ಪಿ ಪೋರ್ಚುಗಲ್ ಪಾಲಾಯಿತು. ಕ್ಯಾಮರೂನ್‌ನಲ್ಲಿ 2022ರ ಕೊನೆಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಸ್ಯಾಮುಯೆಲ್ ಎಟೊ ಹುಡುಗರಿಗೆ ಎಂಆರ್‌ಐ, ಅಂದರೆ ಮೂಳೆ ನೋಡಿ ವಯಸ್ಸು ಅಂದಾಜು ಮಾಡುವ ಸ್ಕ್ಯಾನ್, ಮಾಡಿಸಿದಾಗ 17 ವರ್ಷದೊಳಗಿನ ತಂಡದ 30 ಜನರಲ್ಲಿ 21 ಜನ ಪಾಸಾಗಲಿಲ್ಲ.

ಆದರೆ ಇನ್ನೊಂದು ಕಡೆಯನ್ನೂ ನೋಡಿ. 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಎಂಆರ್‌ಐ ಶುರುವಾದ 2009ರಲ್ಲೇ ನೈಜೀರಿಯಾ ಫೈನಲ್ ಮುಟ್ಟಿತು, 2013ರಲ್ಲೂ 2015ರಲ್ಲೂ ಕಪ್ ಗೆದ್ದಿತು. ಕ್ಯಾಮರೂನ್ ಮೂಲದ ಜೋಸೆಫ್ ಮಿನಾಲಾ ಅನ್ನೋ ಹುಡುಗ 2014ರಲ್ಲಿ ಇಟಲಿಯ ಲಾಜಿಯೊ ಕ್ಲಬ್‌ನಲ್ಲಿದ್ದಾಗ ಇವನಿಗೆ 41 ವರ್ಷ ಅಂತ ಸುದ್ದಿ ಹಬ್ಬಿತು, ಅವನ ಮುಖದ ಫೋಟೊ ಹಾಕಿ ಪ್ರಪಂಚವೇ ನಕ್ಕಿತು. ಇಟಲಿಯ ಫುಟ್‌ಬಾಲ್ ಸಂಸ್ಥೆ ತನಿಖೆ ಮಾಡಿ ಕಾಗದ ಸರಿ ಇದೆ ಅಂತ ಹೇಳಿತು. ಹದಿನೇಳರ ಹುಡುಗನಿಗೆ ಅದು ಎಂಥ ನೋವು, ಯೋಚನೆ ಮಾಡಿ.

ಹುಟ್ಟನ್ನು ಬರೆಸದ ಹಳ್ಳಿಗಳು ಅಲ್ಲೂ ಇವೆ, ನಮ್ಮಲ್ಲೂ ಇದ್ದವು. ಜೂನ್ 1ರ ನಾಡಿನವರು ನಾವು, ಬೇರೆಯವರ ಕಡೆ ಬೆರಳು ತೋರಿಸುವ ಮುಂಚೆ ಇದು ನೆನಪಿರಲಿ.

ಇಬ್ಬರು ತಪ್ಪು ಮಾಡಿದ್ರೆ ಇಡೀ ಟೀಮಿಗೆ ಯಾಕೆ ಶಿಕ್ಷೆ?

2019ರಲ್ಲಿ ಗಿನಿ ದೇಶಕ್ಕೆ ಆಗಿದ್ದು ಇದೇ. ಆಫ್ರಿಕಾದ 17 ವರ್ಷದೊಳಗಿನವರ ಕಪ್‌ನಲ್ಲಿ ಫೈನಲ್‌ವರೆಗೆ ಬಂದು ಪೆನಾಲ್ಟಿಯಲ್ಲಿ ಸೋತರು, ವಿಶ್ವಕಪ್‌ಗೂ ಅರ್ಹತೆ ಸಿಕ್ಕಿತ್ತು. ಆಮೇಲೆ ನೋಡಿದರೆ ಇಬ್ಬರು ಹುಡುಗರು ಅದಕ್ಕೂ ಮುಂಚೆ ಜಪಾನ್‌ನಲ್ಲಿ ಒಂದು ಟೂರ್ನಿ ಆಡುವಾಗ ಬೇರೆಯೇ ಹುಟ್ಟಿದ ತಾರೀಖು ಕೊಟ್ಟಿದ್ದರು. ತಂಡವನ್ನೇ ಅನರ್ಹ ಮಾಡಿದರು, ಪದಕ ವಾಪಸ್ ಕೇಳಿದರು, ಮುಂದಿನ ಎರಡು ಕಪ್‌ಗಳಿಂದ ಹೊರಗಿಟ್ಟರು. ವಿಶ್ವಕಪ್‌ಗೆ ಸೆನೆಗಲ್ ಹೋಯಿತು.

ಉಳಿದ ಹುಡುಗರ ಬಗ್ಗೆ ಸಂಕಟ ಆಗುತ್ತೆ, ಇದನ್ನು ಸರಿ ಅಂತ ಒಪ್ಪುವುದು ನನಗೂ ಸುಲಭ ಅಲ್ಲ. ಆದರೆ ಅವರು ಸೋಲಿಸಿ ಮನೆಗೆ ಕಳಿಸಿದ ತಂಡಗಳಲ್ಲೂ ಹುಡುಗರಿದ್ದರಲ್ಲ? ಆ ಪಂದ್ಯಗಳನ್ನು ಮತ್ತೆ ಆಡಿಸೋಕೆ ಆಗಲ್ಲ.

ಸಿಕ್ಕಿಬೀಳದೆ ತಾನಾಗೇ ಒಪ್ಪಿಕೊಂಡವರು ಯಾರಾದ್ರೂ ಇದಾರಾ?

ಇದ್ದಾರೆ. ಇಟಲಿಯ ಕಿಯೇವೊ ಕ್ಲಬ್‌ನಲ್ಲಿ ಎರಿಬರ್ಟೊ ಅನ್ನೋ ಹೆಸರಲ್ಲಿ ಆಡುತ್ತಿದ್ದ ಬ್ರೆಜಿಲ್ ಆಟಗಾರ 2002ರಲ್ಲಿ ತಾನೇ ಮುಂದೆ ಬಂದು ಹೇಳಿದ: ನನ್ನ ಹೆಸರು ಲುಸಿಯಾನೊ, ಕಾಗದದಲ್ಲಿರುವುದಕ್ಕಿಂತ ನಾಲ್ಕು ವರ್ಷ ದೊಡ್ಡವನು. ಆಗ ಅವನು ಒಳ್ಳೇ ಹೆಸರು ಮಾಡಿದ್ದ, ಸುಮ್ನೆ ಇದ್ದಿದ್ದರೆ ನಡೆಯುತ್ತಿತ್ತು. ನಿಷೇಧ ಆಯಿತು, ದಂಡ ಬಿತ್ತು. ಅದನ್ನು ಮುಗಿಸಿ ಅದೇ ಕ್ಲಬ್‌ಗೆ ವಾಪಸ್ ಬಂದು ತನ್ನ ಸ್ವಂತ ಹೆಸರಲ್ಲಿ ಎಷ್ಟೋ ವರ್ಷ ಆಡಿದ.

## ಮೂಳೆ ನೋಡಿ ವಯಸ್ಸು ಹೇಳುವುದು

ಎಂಆರ್‌ಐನಲ್ಲಿ ವಯಸ್ಸು ಹೆಂಗೆ ಗೊತ್ತಾಗುತ್ತೆ?

ನಿಮ್ಮ ಮಣಿಕಟ್ಟನ್ನು ಹೆಬ್ಬೆರಳಿನ ಕಡೆಯಿಂದ ಒತ್ತಿ ನೋಡಿ. ಅಲ್ಲೊಂದು ಗಟ್ಟಿ ಮೂಳೆಯ ತುದಿ ಸಿಗುತ್ತೆ, ಮುಂಗೈಯ ಎರಡು ಮೂಳೆಗಳಲ್ಲಿ ಒಂದರದು. ಬೆಳೆಯುವ ವಯಸ್ಸಿನಲ್ಲಿ ಆ ತುದಿಗೂ ಉಳಿದ ಮೂಳೆಗೂ ನಡುವೆ ಮೃದ್ವಸ್ಥಿಯ ತೆಳುವಾದ ಪದರ ಇರುತ್ತೆ. ಮೂಳೆ ಉದ್ದ ಆಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿಯುತ್ತಾ ಬಂದ ಹಾಗೆ ಆ ಪದರ ಗಟ್ಟಿಯಾಗಿ ಎರಡೂ ಕಡೆ ಬೆಸೆದುಕೊಳ್ಳುತ್ತೆ. ಸ್ಕ್ಯಾನ್‌ನಲ್ಲಿ ಈ ಬೆಸುಗೆಯನ್ನು ಆರು ಹಂತವಾಗಿ ನೋಡುತ್ತಾರೆ. ಆರನೇ ಹಂತ ಅಂದರೆ ಗೆರೆಯೇ ಕಾಣದ ಹಾಗೆ ಪೂರ್ತಿ ಸೇರಿಹೋಗಿದೆ ಅಂತ.

ಸ್ವಿಟ್ಜರ್ಲೆಂಡ್, ಮಲೇಷ್ಯಾ, ಅಲ್ಜೀರಿಯಾ, ಅರ್ಜೆಂಟೀನಾದ 14ರಿಂದ 19 ವರ್ಷದ ಸುಮಾರು 500 ಹುಡುಗರ ಮಣಿಕಟ್ಟು ಸ್ಕ್ಯಾನ್ ಮಾಡಿ ಫಿಫಾ ವೈದ್ಯರು 2007ರಲ್ಲಿ ಇದನ್ನು ಪ್ರಕಟಿಸಿದರು. 17 ತುಂಬುವ ಮುಂಚೆ ಪೂರ್ತಿ ಬೆಸೆದಿರುವುದು ತೀರಾ ಅಪರೂಪ ಅಂತ ಕಂಡಿತು, ನೂರಕ್ಕೆ ಒಬ್ಬನಿಗಿಂತ ಕಡಿಮೆ. 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಪರೀಕ್ಷೆ ಶುರುವಾಯಿತು.

ಎಕ್ಸ್‌ರೇ ಅಗ್ಗ ಅಲ್ವಾ, ಅದನ್ನೇ ಮಾಡಬಾರದಾ?

ಮಾಡುತ್ತಾರೆ. ನಮ್ಮ ಕ್ರಿಕೆಟ್ ಮಂಡಳಿ ಕಿರಿಯರಿಗೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಟಿಡಬ್ಲ್ಯೂ3 ಅನ್ನೋ ಲೆಕ್ಕದಲ್ಲಿ ಮೂಳೆಯ ವಯಸ್ಸು ನೋಡುತ್ತೆ. ಆದರೆ ಎಕ್ಸ್‌ರೇಯಲ್ಲಿ ಸ್ವಲ್ಪವಾದರೂ ವಿಕಿರಣ ಇದೆ. ಕಾಯಿಲೆ ಇಲ್ಲದ ಮಗುವಿಗೆ ಬರೀ ಆಟಕ್ಕಾಗಿ ಅದು ಯಾಕೆ ಅಂತ ಫಿಫಾ ಎಂಆರ್‌ಐ ಆರಿಸಿಕೊಂಡಿತು. ಇನ್ನೊಂದು ತೊಡಕೂ ಇದೆ. ಎಕ್ಸ್‌ರೇ ಹೋಲಿಸಿ ನೋಡುವ ಬಹಳ ಬಳಕೆಯ ಒಂದು ಹಳೇ ಚಿತ್ರಪಟ್ಟಿ 1930ರ ದಶಕದ ಅಮೆರಿಕದ ಮಕ್ಕಳ ಮೇಲೆ ಮಾಡಿದ್ದು. ನಮ್ಮ ಹಳ್ಳಿ ಹುಡುಗರ ಊಟ, ಬೆಳವಣಿಗೆ ಬೇರೆ.

ನಿಜವಾಗ್ಲೂ ಚಿಕ್ಕವನೇ ಇದ್ದು ಫೇಲ್ ಆದ್ರೆ?

ಆಗಬಹುದು. ಬೇಗ ಬೆಳೆಯುವ ಕೆಲವು ಹುಡುಗರ ಮೂಳೆ ಬೇಗ ಬೆಸೆಯುತ್ತೆ. ಸಾಧ್ಯತೆ ಸಣ್ಣದು, ಆದರೆ ಸಿಕ್ಕಿಹಾಕಿಕೊಂಡ ಹುಡುಗನಿಗೆ ಅದು ಸಣ್ಣದಲ್ಲ. ಆದ್ದರಿಂದ ಫೇಲ್ ಆದವನನ್ನು ನೋಡಿ "ಕಳ್ಳ" ಅಂತ ಯಾರೂ ಅನ್ನಬೇಡಿ, ದಯವಿಟ್ಟು. ಹುಟ್ಟಿದಾಗಿನ ಕಾಗದ ಗಟ್ಟಿ ಇದ್ದರೆ ಅದನ್ನು ಮುಂದಿಟ್ಟು ಮತ್ತೆ ಪರಿಶೀಲನೆ ಕೇಳಿ.

ಉಲ್ಟಾ ಕೂಡ ಆಗುತ್ತೆ. ಹದಿನೆಂಟರ ಹುಡುಗನ ಮೂಳೆ ಇನ್ನೂ ಪೂರ್ತಿ ಬೆಸೆಯದೆ ಇದ್ದರೆ ಅವನು ಪಾಸಾಗುತ್ತಾನೆ. 20 ವರ್ಷದೊಳಗಿನವರಿಗೆ ಈ ಪರೀಕ್ಷೆ ಉಪಯೋಗವೇ ಇಲ್ಲ, ಅಷ್ಟರಲ್ಲಿ ಬಹಳ ಜನರ ಮೂಳೆ ಸೇರಿಹೋಗಿರುತ್ತೆ. ಹುಡುಗಿಯರ ಮೂಳೆ ಹುಡುಗರಿಗಿಂತ ಬೇಗ ಬೆಸೆಯುವುದರಿಂದ ಹುಡುಗರಿಗೆ ಮಾಡಿದ ಅಳತೆ ಅವರಿಗೆ ನಡೆಯಲ್ಲ.

## ಸಿಕ್ಕಿಬಿದ್ದರೆ, ಬೀಳದಿದ್ದರೆ

ನಮ್ಮ ದೇಶದಲ್ಲಿ ಸಿಕ್ಕಿಬಿದ್ರೆ ಏನು ಮಾಡ್ತಾರೆ? ಜೈಲಾ?

ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ವಯಸ್ಸಿನ ವಂಚನೆ ತಡೆಯಲು ರಾಷ್ಟ್ರೀಯ ಸಂಹಿತೆ ತಂದಿತು. 2025ರಲ್ಲಿ ಅದನ್ನು ಬಿಗಿ ಮಾಡುವ ಹೊಸ ಕರಡು ಬಂತು. ಅದರಲ್ಲಿ ಮೊದಲ ಸಲಕ್ಕೆ ಎರಡು ವರ್ಷ ನಿಷೇಧ, ಎರಡನೇ ಸಲ ಜೀವನಪೂರ್ತಿ ನಿಷೇಧ. ಸುಳ್ಳು ಕಾಗದ ಮಾಡುವುದು ಕಾನೂನಿನಲ್ಲಿ ಅಪರಾಧವೇ, ಅದರಲ್ಲಿ ದೊಡ್ಡವರ ಕೈ ಇದ್ದರೆ ಪೊಲೀಸ್ ಕೇಸು ದೊಡ್ಡವರ ಮೇಲೇ ಆಗಬಹುದು.

ನಾನು ಅಪ್ಪಂದಿರಿಗೆ ಹೇಳುವುದು ಬೇರೆ. ನಿಷೇಧ ಎರಡು ವರ್ಷಕ್ಕೆ ಮುಗಿಯಬಹುದು. ಎರಡು ಜನನ ಪತ್ರ, ಎರಡು ತಾರೀಖು ಮಾತ್ರ ಜೀವನಪೂರ್ತಿ ಬೆನ್ನು ಬಿಡಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ, ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವಾಗ ಎಲ್ಲ ಕಾಗದ ಒಟ್ಟಿಗೆ ಮೇಜಿನ ಮೇಲೆ ಬರುತ್ತೆ.

ಎಲ್ಲಾರೂ ಮಾಡ್ತಾರ. ನಾವು ಮಾಡ್ಲಿಲ್ಲಂದ್ರ ನಮ್ಮ ಹುಡುಗನ ಹಿಂದ ಬೀಳ್ತಾನಲ್ರಿ?

ಈ ಪ್ರಶ್ನೆಗೆ ನನ್ನದೇ ಅನುಭವ ಹೇಳುತ್ತೇನೆ. ನಾನು 14 ವರ್ಷದೊಳಗಿನವರ ಆಯ್ಕೆಗೆ ಹೋದಾಗ ನನ್ನ ಜತೆ ಒಬ್ಬ ಗೆಳೆಯ ಇದ್ದ. ಎಡಗಾಲಿನ ಆಟಗಾರ, ಚೆಂಡು ಅವನ ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತಿತ್ತು. ಕೊನೇ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಅವನ ಜಾಗಕ್ಕೆ ಬಂದವನ ಗಲ್ಲದ ಮೇಲೆ ಆವತ್ತು ಬ್ಲೇಡಿನ ಗಾಯ ಇತ್ತು, ಬೆಳಿಗ್ಗೆ ಶೇವ್ ಮಾಡಿಕೊಂಡು ಬಂದಿದ್ದ. ನಾವಿಬ್ಬರೂ ಅದನ್ನು ನೋಡಿದೆವು, ಆಯ್ಕೆ ಮಾಡಿದವರೂ ನೋಡಿದರು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ನನ್ನ ಹೆಸರು ಪಟ್ಟಿಯಲ್ಲಿತ್ತಲ್ಲ.

ಗೆಳೆಯ ಬಸ್ಸಿನಲ್ಲಿ ಶೂ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮುಂದಿನ ವರ್ಷ ಟ್ರಯಲ್ಸ್‌ಗೆ ಬರಲಿಲ್ಲ. ಅವನಣ್ಣ ಕೆಲಸ ಮಾಡುತ್ತಿದ್ದ ಜೀನ್ಸ್ ಹೊಲಿಯುವ ಘಟಕಕ್ಕೆ ಸೇರಿದ. ಕೆಲಸ ಕೆಟ್ಟದ್ದಲ್ಲ, ಬಳ್ಳಾರಿಯ ಎಷ್ಟೋ ಮನೆ ಅದರಿಂದಲೇ ನಡೆಯುತ್ತೆ. ಆದರೆ ಅವನು ಆಟ ಬಿಟ್ಟದ್ದು ಸೋತು ಅಲ್ಲ.

ನಿಮ್ಮ ಹುಡುಗ ಸುಳ್ಳು ತಾರೀಖಿನಲ್ಲಿ ಒಳಗೆ ಹೋದರೆ ಇನ್ಯಾರೋ ಒಬ್ಬ ಹೀಗೆ ಬಸ್ಸಿನಲ್ಲಿ ಕೂತಿರುತ್ತಾನೆ. ಎಲ್ಲರೂ ಮಾಡುವುದಿಲ್ಲ. ಮಾಡದವರ ಹೆಸರು ಪಟ್ಟಿಯಲ್ಲಿ ಕಾಣಲ್ಲ, ಅದಕ್ಕೇ ಎಲ್ಲರೂ ಮಾಡುತ್ತಾರೆ ಅನ್ನಿಸುತ್ತೆ.

ಕೋಚೇ "ತಾರೀಖು ಬದಲಾಯಿಸಿ" ಅಂದ್ರೆ?

ಬೇರೆ ಕೋಚ್ ಹುಡುಕಿ. ಸಿಕ್ಕಿಬಿದ್ದ ದಿನ ಅವರು ನಿಮ್ಮ ಪಕ್ಕ ನಿಲ್ಲುವುದಿಲ್ಲ, ಸಹಿ ನಿಮ್ಮದೇ ಇರುತ್ತೆ.

ನಮ್ಮವನು ಡಿಸೆಂಬರ್‌ನಲ್ಲಿ ಹುಟ್ಟಿದವ, ಎಲ್ಲರಿಗಿಂತ ಸಣ್ಣವ. ಇದೂ ಅನ್ಯಾಯ ಅಲ್ವಾ?

ಅನ್ಯಾಯವೇ, ಮೋಸ ಅಲ್ಲದಿದ್ದರೂ. ಜನವರಿ 1ರ ಗಡಿ ಇಟ್ಟರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಆದರೂ ಒಂದೇ ಗುಂಪು. ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುತ್ತಾರೆ ಅನ್ನೋದು ಎಷ್ಟೋ ದೇಶಗಳಲ್ಲಿ ಕಂಡುಬಂದ ಮಾತು. ಇಂಗ್ಲೆಂಡಿನ ಕೆಲವು ಅಕಾಡೆಮಿಗಳು ಇದಕ್ಕೇ ಅಂತ ಹುಟ್ಟಿದ ವರ್ಷದ ಬದಲು ಮೈ ಎಷ್ಟು ಬೆಳೆದಿದೆ ಅಂತ ನೋಡಿ ಗುಂಪು ಮಾಡಿ ಆಡಿಸುತ್ತವೆ. ನಾನೂ ಅಭ್ಯಾಸದಲ್ಲಿ ವಾರಕ್ಕೊಮ್ಮೆ ಎತ್ತರ ನೋಡಿ ಎರಡು ಪಾಳಿ ಮಾಡುತ್ತೇನೆ. ಆವತ್ತು ಸಣ್ಣ ಹುಡುಗರ ಮುಖ ನೋಡಬೇಕು ನೀವು.

ಒಂದು ವರ್ಷ ತಡೆದುಕೊಳ್ಳಿ. ತಡವಾಗಿ ಬೆಳೆಯುವವನು ಕಾಲಲ್ಲಿ, ತಲೆಯಲ್ಲಿ ಆಟ ಕಲಿತಿರುತ್ತಾನೆ. ಅವಕಾಶ ದೂರದಲ್ಲೇನಿಲ್ಲ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇರುವುದು ನಮ್ಮ ತೋರಣಗಲ್ಲು ಪಕ್ಕದ ವಿಜಯನಗರದಲ್ಲೇ.

ಈಗಾಗ್ಲೇ ತಪ್ಪು ತಾರೀಖಲ್ಲೇ ಎರಡು ವರ್ಷ ಆಡಿದೀನಿ ಅಣ್ಣ. ಮನೇಲಿ ಮಾಡಿಸಿದ್ರು. ಈಗ ಏನು ಮಾಡ್ಲಿ?

ಇದನ್ನು ಕೇಳಿದ ಹುಡುಗನಿಗೆ ಮೊದಲು ಹೇಳಿದ್ದು: ತಮ್ಮಾ, ನೀನು ಕೇಳಿದ್ದೇ ದೊಡ್ಡದು. ಹನ್ನೆರಡು ವರ್ಷದವನ ಕಾಗದ ದೊಡ್ಡವರು ತಿದ್ದಿಸಿದರೆ ಆ ತಪ್ಪನ್ನು ನಿನ್ನ ತಲೆ ಮೇಲೆ ಹೊತ್ತುಕೊಳ್ಳಬೇಡ.

ತಾನಾಗೇ ಹೇಳಿಕೊಂಡವರಿಗೆ ದಾರಿ ಇರುತ್ತೆ. ಕ್ರಿಕೆಟ್ ಮಂಡಳಿ 2020ರಲ್ಲಿ ಹೀಗೊಂದು ಅವಕಾಶ ಕೊಟ್ಟಿತ್ತು: ಗಡುವಿನೊಳಗೆ ತಾವೇ ನಿಜ ಹೇಳಿದವರಿಗೆ ನಿಷೇಧ ಇಲ್ಲ, ಸರಿಯಾದ ವಯಸ್ಸಿನ ಗುಂಪಿನಲ್ಲಿ ಆಡಬಹುದು, ಹೇಳದೆ ಸಿಕ್ಕಿಬಿದ್ದವರಿಗೆ ಎರಡು ವರ್ಷ. ಸಚಿವಾಲಯದ 2025ರ ಕರಡಿನಲ್ಲೂ ಶಿಕ್ಷೆಯಿಲ್ಲದೆ ಸರಿಪಡಿಸಿಕೊಳ್ಳಲು ಆರು ತಿಂಗಳ ಅವಕಾಶದ ಮಾತಿದೆ.

ಮೊದಲು ಅಪ್ಪ ಅಮ್ಮನ ಜತೆ ಕೂತು ಮಾತಾಡು. ಅಸಲಿ ಕಾಗದ ಹುಡುಕಿಸು. ಆಮೇಲೆ ಮೂವರೂ ಸೇರಿ ಸಂಸ್ಥೆಗೆ ಬರೆದು ಕೊಡಿ, ಬರೆದದ್ದರ ಪ್ರತಿ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಒಂದು ಸೀಸನ್ ಹೋಗಬಹುದು. ಆ ಒಂದು ಸೀಸನ್ ಸಂಜೆ ಐದಕ್ಕೆ ಇಲ್ಲಿ ಬಾ, ದೊಡ್ಡ ಹುಡುಗರ ಜತೆ ಆಡು.